ಹಸಿರು ತಪ್ಪಲಿನಿಂದ ಮನೆಯಲ್ಲಿಯೇ ಆರೋಗ್ಯಕರ ರಸ

ಧಾರವಾಡ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಜೋಳದ ರೊಟ್ಟಿಯ ಜೊತೆಗೆ ತಪ್ಪಲ ಪಲ್ಯ ಇರುವುದು ಹಿಂದಿನಿಂದ ಬಂದ ರೂಢಿ. ಮುಂಗಾರು ಮಳೆ ಬಿದ್ದು ಹೊಲ ಹಸಿರಾದ ಕೂಡಲೇ ಕಿರಕಸಾಲಿ, ಗೋಳಿ, ಹಕ್ಕರಕಿ ಮುಂತಾದ ಸೊಪ್ಪುಗಳು ಬಿತ್ತದೆಯೇ ಹುಟ್ಟುತ್ತಿದ್ದವು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಮರಳುವಾಗ ಉಡಿಯಲ್ಲಿ ಅವನ್ನು ಕಟ್ಟಿಕೊಂಡು ಬರುತ್ತಿದ್ದರು. ಹಣ ಕೊಡದೆ ದೊರೆಯುತ್ತಿದ್ದ ಈ ಸೊಪ್ಪು ಮನೆಮಂದಿಗೆಲ್ಲ ಜೀವಸತ್ವ ಮತ್ತು ಖನಿಜಾಂಶಗಳನ್ನು ಒದಗಿಸುತ್ತಿತ್ತು.

ಇಂದು ಪರಿಸ್ಥಿತಿ ಬದಲಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಮತ್ತು ಸುತ್ತಲಿನ ಭಾಗದಲ್ಲಿ ಗೋವಿನಜೋಳ, ಹತ್ತಿ ಮುಂತಾದ ಬೆಳೆಗಳು ಜೋಳದ ಕ್ಷೇತ್ರವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ತಾಲ್ಲೂಕಿನಲ್ಲಿ ತರಕಾರಿಗಳ ಸಂಕರಣ ಬೀಜೋತ್ಪಾದನೆಯೂ ಹೆಸರಾಗಿದೆ. ಪಕ್ಕದ ಬ್ಯಾಡಗಿ ಭಾಗ ಮೆಣಸಿನಕಾಯಿಗೆ ಹೆಸರಾಗಿದೆ. ಈ ಬೆಳೆಗಳಿಂದ ರೈತನ ಕೈಯಲ್ಲಿ ಹಣ ಓಡಾಡುತ್ತದೆ ನಿಜ. ಆದರೆ ಕಳೆನಾಶಕ ಮತ್ತು ಕೀಟನಾಶಕಗಳ ಬಳಕೆ ಹೆಚ್ಚಿದಂತೆ ಹೊಲದ ಸೊಪ್ಪು ಅಡುಗೆ ಮನೆಗೆ ಬರುವುದು ಕಡಿಮೆಯಾಗುತ್ತದೆ. ಹೊಲದಲ್ಲಿ ಹಸಿರು ಇದ್ದರೂ ತಾಟಿನಲ್ಲಿ ಹಸಿರು ಇಲ್ಲದಂತಾಗುತ್ತದೆ.

ಇದರ ಜೊತೆಗೆ ರಕ್ತಹೀನತೆಯ ಸಮಸ್ಯೆ ರಾಜ್ಯದಲ್ಲಿ ವ್ಯಾಪಕವಾಗಿದೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಆದ್ದರಿಂದ ಸೊಪ್ಪನ್ನು ಯಾವ ರೂಪದಲ್ಲಾದರೂ ದಿನನಿತ್ಯದ ಆಹಾರದಲ್ಲಿ ಸೇರಿಸುವುದು ಅವಶ್ಯ. ಪಲ್ಯ ಕಂಡರೆ ಮೂಗು ಮುರಿಯುವ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ, ಬಾಣಂತನದ ನಂತರ ಊಟ ರುಚಿಸದ ತಾಯಂದಿರಿಗೆ ಸೊಪ್ಪಿನ ರಸ ಒಂದು ಸುಲಭ ಮಾರ್ಗ. ಆದರೆ ಇದನ್ನು ತಿಳಿದು ತಯಾರಿಸಬೇಕು. ತಪ್ಪು ಕ್ರಮದಲ್ಲಿ ಮಾಡಿದರೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು.

ಸೊಪ್ಪಿನಲ್ಲಿ ಏನಿದೆ?

ಸೊಪ್ಪು ತರಕಾರಿಗಳಲ್ಲಿ ಸುಣ್ಣಾಂಶ, ಕಬ್ಬಿಣಾಂಶ, ಜೀವಸತ್ವ ‘ಸಿ’, ಫೋಲಿಕ್ ಆಮ್ಲ ಹಾಗೂ ನಾರಿನಂಶ ಹೇರಳವಾಗಿವೆ. ಇವುಗಳಲ್ಲಿರುವ ಕೆರೋಟಿನ್ ಎಂಬ ವಸ್ತು ದೇಹದಲ್ಲಿ ಜೀವಸತ್ವ ‘ಎ’ ಆಗಿ ಮಾರ್ಪಡುತ್ತದೆ. ಈ ಜೀವಸತ್ವದ ಕೊರತೆಯಿಂದಲೇ ಮಕ್ಕಳಲ್ಲಿ ಇರುಳುಗುರುಡು ಬರುತ್ತದೆ. ನಮ್ಮ ಭಾಗದಲ್ಲಿ ದೊರೆಯುವ ಕೆಲವು ಸೊಪ್ಪುಗಳ ಪ್ರತಿ 100 ಗ್ರಾಂ ಹಸಿ ಭಾಗದಲ್ಲಿರುವ ಸತ್ವ ಅಂದಾಜು ಹೀಗಿದೆ:

ನುಗ್ಗಿ ಸೊಪ್ಪು: ಸುಣ್ಣಾಂಶ 440 ಮಿ.ಗ್ರಾಂ, ಜೀವಸತ್ವ ‘ಸಿ’ 220 ಮಿ.ಗ್ರಾಂ
ರಾಜಗಿರಿ: ಸುಣ್ಣಾಂಶ 400 ಮಿ.ಗ್ರಾಂ, ಜೀವಸತ್ವ ‘ಸಿ’ 100 ಮಿ.ಗ್ರಾಂ
ಮೆಂತೆ: ಸುಣ್ಣಾಂಶ 395 ಮಿ.ಗ್ರಾಂ, ಜೀವಸತ್ವ ‘ಸಿ’ 50 ಮಿ.ಗ್ರಾಂ
ಕೊತ್ತಂಬರಿ: ಸುಣ್ಣಾಂಶ 185 ಮಿ.ಗ್ರಾಂ, ಜೀವಸತ್ವ ‘ಸಿ’ 135 ಮಿ.ಗ್ರಾಂ
ಪುಂಡಿ: ಸುಣ್ಣಾಂಶ 170 ಮಿ.ಗ್ರಾಂ, ಜೀವಸತ್ವ ‘ಸಿ’ 20 ಮಿ.ಗ್ರಾಂ
ಪಾಲಕ: ಸುಣ್ಣಾಂಶ 75 ಮಿ.ಗ್ರಾಂ, ಜೀವಸತ್ವ ‘ಸಿ’ 28 ಮಿ.ಗ್ರಾಂ

ಮಣ್ಣು, ತಳಿ ಮತ್ತು ಕೊಯ್ಲಿನ ಕಾಲಕ್ಕೆ ತಕ್ಕಂತೆ ಈ ಅಂಕಿಗಳಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಪೇಟೆಯಿಂದ ದುಡ್ಡು ಕೊಟ್ಟು ತರುವ ಪಾಲಕಕ್ಕಿಂತ ಹಿತ್ತಲಿನ ನುಗ್ಗಿ ಗಿಡ ಮತ್ತು ಮಡಿಯಲ್ಲಿ ಬೆಳೆದ ರಾಜಗಿರಿ ಸತ್ವದಲ್ಲಿ ಹಿಂದೆ ಬಿದ್ದಿಲ್ಲ, ಮುಂದೆಯೇ ಇವೆ.

ರಸವೇ, ಪಲ್ಯವೇ?

ರಸ ಕುಡಿದರೆ ಪಲ್ಯ ಬೇಡ ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ವಯಸ್ಕರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕೆಂದು ಆಹಾರ ತಜ್ಞರು ಸಲಹೆ ಮಾಡುತ್ತಾರೆ. ಒಂದು ಲೋಟ ರಸಕ್ಕೆ ಹಿಡಿಯುವ ಸೊಪ್ಪು ಸುಮಾರು 50 ಗ್ರಾಂ ಮಾತ್ರ. ಅಲ್ಲದೆ ರಸವನ್ನು ಬಿಗಿಯಾಗಿ ಸೋಸಿದಾಗ ನಾರಿನಂಶದ ಬಹುಪಾಲೂ, ಕೆರೋಟಿನ್ ಮತ್ತು ಸುಣ್ಣಾಂಶದ ಒಂದು ಪಾಲೂ ಚರಟದಲ್ಲಿಯೇ ಉಳಿಯುತ್ತವೆ. ಆದ್ದರಿಂದ ರಸವು ಪಲ್ಯದ ಜೊತೆಗೆ ಇರಬೇಕೇ ಹೊರತು ಪಲ್ಯದ ಬದಲಿಗೆ ಅಲ್ಲ.

ರಸದಿಂದ ರಕ್ತಹೀನತೆ ಗುಣವಾಗುತ್ತದೆ ಎಂಬ ನಂಬಿಕೆಯ ಬಗ್ಗೆಯೂ ತಿಳಿಯುವುದು ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ, ಪುರುಷನಿಗೆ 19 ಮಿ.ಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ಪಾಲಕದಲ್ಲಿರುವುದು ಸುಮಾರು 3 ಮಿ.ಗ್ರಾಂ. ಒಂದು ಲೋಟ ರಸದಲ್ಲಿ ಅದರ ಅರ್ಧ. ಸಸ್ಯಜನ್ಯ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದೂ ಅಲ್ಪ ಪ್ರಮಾಣದಲ್ಲಿ. ಆದ್ದರಿಂದ ಆಶಾ ಕಾರ್ಯಕರ್ತೆಯರು ಅಥವಾ ಆರೋಗ್ಯ ಕೇಂದ್ರದವರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಗರ್ಭಿಣಿಯರು ‘ಸೊಪ್ಪಿನ ರಸ ಕುಡಿಯುತ್ತಿದ್ದೇನೆ’ ಎಂದು ಬಿಡಬಾರದು. ಗುಳಿಗೆ ರಕ್ತಹೀನತೆಗೆ ಚಿಕಿತ್ಸೆ, ಸೊಪ್ಪು ಅದಕ್ಕೆ ಒತ್ತಾಸೆ. ಗುಳಿಗೆ ಬಿಟ್ಟು ರಸವನ್ನೇ ನಂಬಿ ಹೆರಿಗೆಗೆ ಹೋದ ತಾಯಿಗೆ ರಕ್ತಸ್ರಾವವಾದರೆ ಪ್ರಾಣಕ್ಕೇ ಅಪಾಯ.

ಸೊಪ್ಪನ್ನು ಎಲ್ಲಿಂದ ತರಬೇಕು?

ರಸದ ಗುಣ ಅರ್ಧ ಇಲ್ಲಿಯೇ ನಿರ್ಧಾರವಾಗುತ್ತದೆ. ಈ ಕೆಳಗಿನ ಸ್ಥಳಗಳಿಂದ ರಸಕ್ಕೆ ಸೊಪ್ಪು ತರಬಾರದು.

1. ಕಳೆನಾಶಕ ಸಿಂಪಡಿಸಿದ ಗೋವಿನಜೋಳದ ಹೊಲ ಮತ್ತು ಅದರ ಬದುಗಳು. ಕಳೆನಾಶಕದಿಂದ ಪಾರಾಗಿ ಉಳಿದ ಸೊಪ್ಪು ಹಸಿರಾಗಿ ಕಂಡರೂ ಅದು ತಿನ್ನಲು ಯೋಗ್ಯವಲ್ಲ.
2. ಹತ್ತಿ, ಮೆಣಸಿನಕಾಯಿ ಹೊಲಗಳ ಮತ್ತು ಬೀಜೋತ್ಪಾದನೆಯ ತಾಕುಗಳ ಒಳಗೆ ಅಥವಾ ಅಂಚಿನಲ್ಲಿ ಬೆಳೆದ ಕೊತ್ತಂಬರಿ, ಮೆಂತೆ, ರಾಜಗಿರಿ. ಈ ಬೆಳೆಗಳಿಗೆ ಮತ್ತೆ ಮತ್ತೆ ಔಷಧಿ ಹೊಡೆಯುವುದರಿಂದ ಗಾಳಿಯಲ್ಲಿ ಹಾರಿದ ಹನಿಗಳು ಪಕ್ಕದ ಸೊಪ್ಪಿನ ಮೇಲೆ ಬೀಳುತ್ತವೆ.
3. ಊರ ಗಟಾರದ ನೀರು ಹರಿಯುವ ಜಾಗ, ಹಂದಿಗಳು ಓಡಾಡುವ ಜಾಗ ಮತ್ತು ಬಯಲು ಕಡೆಗೆ ಹೋಗುವ ಜಾಗದ ಸೊಪ್ಪು.
4. ವಾಹನ ಸಂಚಾರ ಹೆಚ್ಚಿರುವ ರಸ್ತೆಯ ಬದಿಯ ಸೊಪ್ಪು.

ಮೊದಲ ಎರಡು ಕಾರಣಗಳನ್ನು ರೈತರು ಬಲ್ಲರು. ಮೂರನೆಯದನ್ನು ಹಗುರಾಗಿ ಕಾಣುವುದುಂಟು. ಮಲದಿಂದ ಮಲಿನವಾದ ಸೊಪ್ಪಿನ ಮೇಲೆ ಲಾಡಿ ಹುಳದ ಕಣ್ಣಿಗೆ ಕಾಣದ ತತ್ತಿಗಳು ಇರಬಹುದು. ಅವು ಹೊಟ್ಟೆ ಸೇರಿದರೆ ಮರಿಗಳು ರಕ್ತದ ಮೂಲಕ ಮೆದುಳಿಗೆ ಹೋಗಿ ನೆಲೆಸಿ ಮೂರ್ಛೆ ರೋಗವನ್ನು ತರಬಲ್ಲವು. ಮಾಂಸ ಮುಟ್ಟದ ಮನೆಗಳಲ್ಲಿಯೂ ಈ ರೋಗ ಬರುವುದಕ್ಕೆ ಇದೂ ಒಂದು ಕಾರಣ.

ಬೆಳೆಗೆ ಹೊಡೆದ ಕೀಟನಾಶಕ ಎಲೆಯ ಮೇಲೆ ಮಾತ್ರ ಇದ್ದರೆ ತೊಳೆದಾಗ ಸ್ವಲ್ಪ ಭಾಗ ಹೋಗುತ್ತದೆ. ಆದರೆ ಗಿಡದ ಒಳಗೆ ಸೇರಿ ರಸದಲ್ಲಿ ಹರಿದಾಡುವ ಅಂತರ್ವ್ಯಾಪಿ ಕೀಟನಾಶಕಗಳು ಉಪ್ಪುನೀರು, ಅರಿಶಿಣ ನೀರು ಯಾವುದಕ್ಕೂ ಹೋಗುವುದಿಲ್ಲ. ಆದ್ದರಿಂದ ರಸಕ್ಕೆ ಬೇಕಾದ ಸೊಪ್ಪನ್ನು ಮನೆಯ ಹಿತ್ತಲಿನಲ್ಲಿಯೇ, ಔಷಧಿ ಹೊಡೆಯದೆ ಬೆಳೆಯುವುದು ಅತ್ಯುತ್ತಮ.

ಹಿತ್ತಲಿನಲ್ಲಿ ಸೊಪ್ಪಿನ ಮಡಿ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದ್ದರೆ ಸಾಕು. ಇದನ್ನು ನಾಲ್ಕು ಮಡಿಗಳನ್ನಾಗಿ ಮಾಡಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಹಸಿ ಸಗಣಿ ಹಾಕಬಾರದು. ನಾಲ್ಕೂ ಮಡಿಗಳನ್ನು ಒಂದೇ ದಿನ ಬಿತ್ತದೆ ಹತ್ತು ದಿನಗಳಿಗೊಂದರಂತೆ ಬಿತ್ತಿದರೆ ಸೊಪ್ಪು ಒಮ್ಮೆಲೇ ಬಂದು ಹಾಳಾಗದೆ ಸತತವಾಗಿ ದೊರೆಯುತ್ತದೆ. ರಾಜಗಿರಿ ಬೀಜ ಬಲು ಸಣ್ಣದಾದ್ದರಿಂದ ಉಸುಕಿನೊಂದಿಗೆ ಬೆರೆಸಿ ಚೆಲ್ಲಬೇಕು. ಇದು ಮತ್ತು ಮೆಂತೆ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಪಾಲಕವನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಬೇಲಿಯ ಸಾಲಿಗೆ ಎರಡು ನುಗ್ಗಿ ಗಿಡ, ಮಗ್ಗುಲಿಗೆ ಹತ್ತು ಪುಂಡಿ ಗಿಡ, ನೀರು ಬೀಳುವ ತಂಪು ಜಾಗದಲ್ಲಿ ಪುದೀನ ಇದ್ದರೆ ಬೇಸಿಗೆಯಲ್ಲಿಯೂ ಸೊಪ್ಪಿಗೆ ಕೊರತೆಯಾಗದು. ಹೇನು ಕಂಡರೆ ಅಂಥ ಎಲೆಗಳನ್ನು ಕಿತ್ತು ತೆಗೆಯಬೇಕು. ಮಡಿಗೆ ಶುದ್ಧವಾದ ಬಾವಿ ಅಥವಾ ಕೊಳವೆ ಬಾವಿಯ ನೀರನ್ನೇ ಬಳಸಬೇಕು.

ತೊಳೆಯುವ ಕ್ರಮ

ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಯ್ದ ಎಳೆಯ ಸೊಪ್ಪು ರಸಕ್ಕೆ ಉತ್ತಮ. ಹಳದಿಯಾದ, ಹುಳ ತಿಂದ, ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ತೆಗೆಯಬೇಕು. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪನ್ನು ಅದರಲ್ಲಿ ಮುಳುಗಿಸಿ ಅಲುಗಾಡಿಸಬೇಕು. ಮಣ್ಣು ತಳಕ್ಕೆ ಇಳಿದ ಮೇಲೆ ಸೊಪ್ಪನ್ನು ಮೇಲಕ್ಕೆತ್ತಿ ನೀರು ಚೆಲ್ಲಬೇಕು. ಸೊಪ್ಪಿನ ಮೇಲೆಯೇ ನೀರು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೆ ಅಂಟುತ್ತದೆ. ಹೀಗೆ ಮೂರು ಸಲ ಮಾಡಿ ಕೊನೆಯಲ್ಲಿ ಒಂದು ಲೀಟರ್ ನೀರಿಗೆ 20 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಯಿಟ್ಟು, ಮತ್ತೊಮ್ಮೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆಯಬಾರದು. ಹಾಗೆ ಮಾಡಿದರೆ ಜೀವಸತ್ವಗಳು ನೀರಿನ ಪಾಲಾಗುತ್ತವೆ.

ಕುದಿನೀರಿನಲ್ಲಿ ಅದ್ದುವುದು ಏಕೆ?

ಹಸಿ ಸೊಪ್ಪನ್ನು ನೇರವಾಗಿ ಅರೆದು ಕುಡಿಯುವುದಕ್ಕಿಂತ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುವುದು ಮೇಲು. ಇದರಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ತೊಳೆದರೂ ಉಳಿದ ರೋಗಾಣುಗಳು ಮತ್ತು ಹುಳದ ತತ್ತಿಗಳು ಶಾಖದಿಂದ ನಾಶವಾಗುತ್ತವೆ. ಎರಡನೆಯದಾಗಿ, ಎಲೆಯಲ್ಲಿ ಬಣ್ಣಗೆಡಿಸುವ ಕಿಣ್ವಗಳು ಅಡಗಿ ರಸ ಹಸಿರಾಗಿಯೇ ಉಳಿಯುತ್ತದೆ. ಮೂರನೆಯದಾಗಿ, ಪಾಲಕ, ರಾಜಗಿರಿ, ಗೋಳಿ ಸೊಪ್ಪುಗಳಲ್ಲಿ ಹೆಚ್ಚಾಗಿರುವ ಆಕ್ಸಲೇಟ್ ಎಂಬ ಅಂಶದ ಒಂದು ಭಾಗ ಆ ನೀರಿಗೆ ಇಳಿಯುತ್ತದೆ. ಆಕ್ಸಲೇಟ್ ಸುಣ್ಣಾಂಶದೊಡನೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುವ ಗುಣವುಳ್ಳದ್ದು. ಆದ್ದರಿಂದ ಈ ಮೂರು ಸೊಪ್ಪುಗಳನ್ನು ಅದ್ದಿದ ನೀರನ್ನು ಚೆಲ್ಲಬೇಕು. ಜೀವಸತ್ವ ‘ಸಿ’ ಸ್ವಲ್ಪ ನಷ್ಟವಾಗುವುದು ನಿಜ. ತಣಿದ ಮೇಲೆ ನಿಂಬೆರಸ ಅಥವಾ ನೆಲ್ಲಿಕಾಯಿ ರಸ ಸೇರಿಸಿದರೆ ಆ ನಷ್ಟ ತುಂಬಿಬರುತ್ತದೆ. ಜೊತೆಗೆ ಈ ಹುಳಿಯು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ತಯಾರಿಸುವ ವಿಧಾನ

ಕೆಳಗಿನ ಪ್ರಮಾಣಗಳು ನಾಲ್ಕು ಜನರಿಗೆ ಸಾಕಾಗುತ್ತವೆ. ಮಿಕ್ಸರ್ ಇದ್ದರೆ ಅನುಕೂಲ, ಇಲ್ಲವಾದರೆ ಒಳಕಲ್ಲಿನಲ್ಲಿ ನುಣ್ಣಗೆ ರುಬ್ಬಿದರೂ ಆಗುತ್ತದೆ. ಬಳಸುವ ನೀರು ಕುದಿಸಿ ಆರಿಸಿದ್ದಾಗಿರಬೇಕು.

ರಾಜಗಿರಿ ಅಥವಾ ಪಾಲಕದ ರಸ: ಸೊಪ್ಪು 200 ಗ್ರಾಂ, ಬೆಲ್ಲ 40 ಗ್ರಾಂ, ನಿಂಬೆಹಣ್ಣು 1, ಹಸಿ ಶುಂಠಿ ಒಂದು ಸಣ್ಣ ತುಂಡು, ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಉಪ್ಪು ಒಂದು ಚಿಟಿಕೆ, ನೀರು 600 ಮಿ.ಲೀ. ಸೊಪ್ಪನ್ನು ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತೆಗೆದ ಕೂಡಲೇ ತಣ್ಣೀರಿಗೆ ಹಾಕಬೇಕು. ಈ ತಣ್ಣೀರೂ ಕುದಿಸಿ ಆರಿಸಿದ್ದೇ ಆಗಿರಲಿ. ನೀರು ಬಸಿದು ಶುಂಠಿಯೊಡನೆ ನುಣ್ಣಗೆ ಅರೆದು, ಬೆಲ್ಲ ಕರಗಿಸಿ ಸೋಸಿದ ನೀರನ್ನು ಸೇರಿಸಿ ದೊಡ್ಡ ರಂಧ್ರದ ಜರಡಿಯಲ್ಲಿ ಸೋಸಬೇಕು. ಕುಡಿಯುವ ಮುನ್ನ ನಿಂಬೆರಸ, ಜೀರಿಗೆ ಪುಡಿ, ಉಪ್ಪು ಬೆರೆಸಬೇಕು.

ನುಗ್ಗಿ ಸೊಪ್ಪಿನ ರಸ: ಕಡ್ಡಿ ತೆಗೆದ ಎಲೆ 60 ಗ್ರಾಂ, ಬೆಲ್ಲ 40 ಗ್ರಾಂ, ನಿಂಬೆಹಣ್ಣು 1, ಕರಿಮೆಣಸು ನಾಲ್ಕು ಕಾಳು, ನೀರು 600 ಮಿ.ಲೀ. ನುಗ್ಗಿ ಸೊಪ್ಪಿಗೆ ಘಾಟು ಇರುವುದರಿಂದ ಪ್ರಮಾಣ ಕಡಿಮೆ ಇರಲಿ. ಎಲೆಗಳನ್ನು ಹಬೆಯಲ್ಲಿ ಐದು ನಿಮಿಷ ಬೇಯಿಸಿ, ಆರಿಸಿ, ಕರಿಮೆಣಸಿನೊಡನೆ ಅರೆದು ಮೇಲಿನಂತೆಯೇ ರಸ ತಯಾರಿಸಬೇಕು.

ಕೊತ್ತಂಬರಿ-ಪುದೀನ ಮಜ್ಜಿಗೆ: ಕೊತ್ತಂಬರಿ 50 ಗ್ರಾಂ, ಪುದೀನ 20 ಗ್ರಾಂ, ಹಸಿ ಮೆಣಸಿನಕಾಯಿ 1, ಶುಂಠಿ ಚೂರು, ಜೀರಿಗೆ ಪುಡಿ ಅರ್ಧ ಚಮಚ, ಉಪ್ಪು ರುಚಿಗೆ, ತಾಜಾ ಮಜ್ಜಿಗೆ 800 ಮಿ.ಲೀ. ಸೊಪ್ಪುಗಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು ಅರೆದು ಮಜ್ಜಿಗೆಗೆ ಬೆರೆಸಿ ಕಡೆಯಬೇಕು. ಬೇಸಿಗೆಯಲ್ಲಿ ಹೊಲದಿಂದ ದಣಿದು ಬಂದವರಿಗೆ ಇದು ಒಳ್ಳೆಯ ಪಾನೀಯ. ಇದನ್ನು ಸೋಸುವ ಅಗತ್ಯವಿಲ್ಲ.

ಪುಂಡಿ ಪಾನಕ: ಪುಂಡಿ ಎಲೆ 100 ಗ್ರಾಂ, ಬೆಲ್ಲ 80 ಗ್ರಾಂ, ಏಲಕ್ಕಿ 2, ಉಪ್ಪು ಚಿಟಿಕೆ, ನೀರು 800 ಮಿ.ಲೀ. ಎಲೆಗಳನ್ನು ನೀರಿನಲ್ಲಿ ಐದು ನಿಮಿಷ ಕುದಿಸಿ, ಕಿವುಚಿ, ಸೋಸಿ, ಬೆಲ್ಲ ಮತ್ತು ಏಲಕ್ಕಿ ಪುಡಿ ಸೇರಿಸಬೇಕು. ಪುಂಡಿಯಲ್ಲಿಯೇ ಹುಳಿ ಇರುವುದರಿಂದ ನಿಂಬೆಹಣ್ಣು ಬೇಡ. ಈ ಹುಳಿ ಲೋಹವನ್ನು ಕರಗಿಸುತ್ತದೆ. ಆದ್ದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನಾಗಲಿ ಅಲ್ಯುಮಿನಿಯಂ ಪಾತ್ರೆಯನ್ನಾಗಲಿ ಬಳಸದೆ ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಮಾಡಬೇಕು.

ಚರಟವನ್ನು ಚೆಲ್ಲಬಾರದು

ಸೋಸಿದ ನಂತರ ಉಳಿಯುವ ಚರಟದಲ್ಲಿ ಸಾಕಷ್ಟು ಸತ್ವವಿರುತ್ತದೆ. ಅದನ್ನು ಜೋಳದ ಹಿಟ್ಟಿಗೆ ಕಲಸಿ ರೊಟ್ಟಿ ಬಡಿಯಬಹುದು. ಕಡಲೆ ಹಿಟ್ಟು, ಉಳ್ಳಾಗಡ್ಡಿ, ಜೀರಿಗೆ ಸೇರಿಸಿ ತಾಲಿಪಟ್ಟು ಮಾಡಬಹುದು. ಬೇಳೆ ಸಾರಿಗೂ ಹಾಕಬಹುದು. ರಸ ಬೇಡವೆನ್ನುವ ಮಕ್ಕಳು ಹಸಿರು ತಾಲಿಪಟ್ಟನ್ನು ಸಂತೋಷದಿಂದ ತಿನ್ನುತ್ತಾರೆ.

ಕುಡಿಯುವ ಮತ್ತು ಇಡುವ ಕ್ರಮ

ರಸವನ್ನು ತಯಾರಿಸಿದ ಅರ್ಧ ತಾಸಿನೊಳಗೆ ಕುಡಿಯುವುದು ಒಳ್ಳೆಯದು. ಹೊತ್ತಾದಂತೆ ಜೀವಸತ್ವ ‘ಸಿ’ ಕಡಿಮೆಯಾಗುತ್ತದೆ, ರೋಗಾಣುಗಳೂ ಬೆಳೆಯುತ್ತವೆ. ಊಟದೊಂದಿಗೆ ಕುಡಿದರೆ ಇನ್ನೂ ಲಾಭ. ಕೆರೋಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆಯ ಅಂಶ ಬೇಕು. ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ ಇದ್ದರೆ ಆ ಕೊರತೆ ನೀಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದಕ್ಕೆ ತಡೆಯಾಗುತ್ತದೆ. ಚಹಾಕ್ಕೂ ಊಟಕ್ಕೂ ಕನಿಷ್ಠ ಒಂದು ತಾಸಿನ ಅಂತರವಿರಲಿ.

ಮಾವು, ನಿಂಬೆ ರಸಗಳಂತೆ ಸೊಪ್ಪಿನ ರಸವನ್ನು ಬಾಟಲಿಯಲ್ಲಿ ತುಂಬಿ ಇಡಲು ಪ್ರಯತ್ನಿಸಬಾರದು. ಹುಳಿ ಕಡಿಮೆಯಿರುವ ಪದಾರ್ಥಗಳಲ್ಲಿ, ಮನೆಯಲ್ಲಿ ಕುದಿಸಿದರೂ ಸಾಯದ ಕೆಲವು ವಿಷಕಾರಿ ಸೂಕ್ಷ್ಮಾಣುಗಳು ಮುಚ್ಚಿದ ಬಾಟಲಿಯಲ್ಲಿ ಬೆಳೆಯಬಲ್ಲವು. ಹೆಚ್ಚಾದ ಸೊಪ್ಪನ್ನು ಸಂಗ್ರಹಿಸಲೇಬೇಕಾದರೆ ನುಗ್ಗಿ, ಮೆಂತೆ ಎಲೆಗಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಬಹುದು.

ಯಾರು ಎಚ್ಚರ ವಹಿಸಬೇಕು?

ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಲ್ಲದೆ ಯಾವ ರಸವನ್ನೂ ಕೊಡಬಾರದು. ಮೂತ್ರಪಿಂಡದಲ್ಲಿ ಹರಳಾದವರು ಪಾಲಕ, ರಾಜಗಿರಿ, ಗೋಳಿ, ಪುಂಡಿ ರಸಗಳನ್ನು ಬಿಡಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು, ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ತೆಗೆದುಕೊಳ್ಳುವ ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಸೊಪ್ಪಿನಲ್ಲಿರುವ ಜೀವಸತ್ವ ‘ಕೆ’ ಅಂಥ ಕೆಲವು ಗುಳಿಗೆಗಳ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲವಿಲ್ಲದೆ ಉಪ್ಪು, ನಿಂಬೆರಸ ಹಾಕಿಕೊಂಡು ಕುಡಿಯಬಹುದು.

ಸೊಪ್ಪಿನ ರಸಕ್ಕೆ ಸೋರೆಕಾಯಿ ಸೇರಿಸುವ ರೂಢಿ ಕೆಲವೆಡೆ ಇದೆ. ಸೇರಿಸುವ ಮುನ್ನ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಕಹಿ ಇದ್ದರೆ ಆ ಕಾಯಿಯನ್ನು ಬಿಸಾಡಬೇಕು. ಕಹಿ ಸೋರೆಯ ರಸದಿಂದ ರಕ್ತ ವಾಂತಿಯಾಗಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಬೆಲ್ಲ ಹಾಕಿ ಆ ಕಹಿಯನ್ನು ಮುಚ್ಚಬಹುದು, ವಿಷವನ್ನು ಮುಚ್ಚಲಾಗದು. ಕುಡಿದ ನಂತರ ವಾಂತಿ, ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಟ್ಟಿನಲ್ಲಿ, ಸೊಪ್ಪಿನ ರಸಕ್ಕೆ ದುಬಾರಿ ಯಂತ್ರವಾಗಲಿ ಪೇಟೆಯ ಪುಡಿಯಾಗಲಿ ಬೇಕಿಲ್ಲ. ಶುದ್ಧ ಸೊಪ್ಪು, ಶುದ್ಧ ನೀರು, ಒಂದು ನಿಂಬೆಹಣ್ಣು ಮತ್ತು ಅರ್ಧ ತಾಸಿನ ಕೆಲಸ ಸಾಕು. ಎಕರೆಗಟ್ಟಲೆ ಗೋವಿನಜೋಳ, ಹತ್ತಿ ಬೆಳೆಯುವ ರೈತ ಬಾಂಧವರು ಹಿತ್ತಲಿನ ನೂರು ಚದರ ಅಡಿ ಜಾಗವನ್ನು ಮನೆಯ ಹೆಣ್ಣುಮಕ್ಕಳ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಮೀಸಲಿಡುವುದು ದೊಡ್ಡ ಮಾತಲ್ಲ. ಹಾವೇರಿ ಜಿಲ್ಲೆಯ ರೈತರು ಕೈತೋಟದ ಬಗ್ಗೆ ಹೆಚ್ಚಿನ ಮಾಹಿತಿಯನ್ನು ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪಡೆಯಬಹುದು. ಬರುವ ಮುಂಗಾರಿನ ಬಿತ್ತನೆಯ ಜೊತೆಗೇ ಈ ಮಡಿಗಳ ಬಿತ್ತನೆಯೂ ಆಗಲಿ.